ಅಂಗಡಿಯ ಕಾಯಕ



12ನೆಯ ಶತಮಾನದ ಶಿವಶರಣರು ಲೋಕಕ್ಕೆ ಕರುಣಿಸಿದ ತತ್ತ್ವಗಳಲ್ಲಿ ಕಾಯಕತತ್ತ್ವವು ಅಗ್ರಗಣ್ಯವಾದುದೆಂಬುದು ಸರ್ವವಿದಿತ. ಶರಣರ ಹೆಸರುಗಳನ್ನು ಒಮ್ಮೆ ನೆನೆದರೆ ಸಾಕು, ಆ ತತ್ತ್ವದ ಹರವು ತಾನಾಗಿಯೇ ಗೋಚರವಾಗುತ್ತದೆ. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಮೇದಾರ ಕೇತಯ್ಯ, ನುಲಿಯ ಚಂದಯ್ಯ, ಮೋಳಿಗೆಯ ಮಾರಯ್ಯ, ಕದಿರ ರೆಮ್ಮವ್ವೆ ಇವರೆಲ್ಲರೂ ತಮ್ಮ ತಮ್ಮ ಕಸುಬನ್ನು ಹೆಸರಿನೊಡನೆಯೇ ಧರಿಸಿದ ಮಹಾನುಭಾವರು. ಇವರು ಕಸುಬನ್ನು ತೊರೆದು ಕಾಡಿಗೆ ಹೋಗಲಿಲ್ಲ; ಕಸುಬಿನಲ್ಲಿಯೇ ಶಿವನನ್ನು ಕಂಡರು.

ಆದರೆ ಇಲ್ಲಿ ನಾವು ಸಾಮಾನ್ಯವಾಗಿ ಮರೆಯುವ ಸಂಗತಿಯೊಂದುಂಟು. ಚಂದಯ್ಯನವರು ಹೊಸೆದ ಹಗ್ಗವು ಯಾವನೋ ಒಕ್ಕಲಿಗನ ಎತ್ತಿನ ಕೊರಳನ್ನು ಸೇರಬೇಕು. ಮಾರಯ್ಯನವರು ಹೊತ್ತು ತಂದ ಕಟ್ಟಿಗೆಯು ಯಾವುದೋ ಮನೆಯ ಒಲೆಯನ್ನು ಸೇರಬೇಕು. ಮಾಡಿದ ವಸ್ತುವು ಬೇಕಾದವರ ಕೈಗೆ ಮುಟ್ಟದಿದ್ದರೆ ಮಾಡಿದವನ ಕಾಯಕವೇ ಅರ್ಧಕ್ಕೆ ನಿಂತಂತಾಯಿತು. ಹೀಗೆ ಒಬ್ಬರ ದುಡಿಮೆಯನ್ನು ಮತ್ತೊಬ್ಬರ ಅಗತ್ಯಕ್ಕೆ ಮುಟ್ಟಿಸುವ ಎಡೆಯೇ ಅಂಗಡಿ. ಆದುದರಿಂದ ಅಂಗಡಿಯವನು ಪರಾವಲಂಬಿಯಲ್ಲ. ಅನೇಕರ ಕಾಯಕಗಳನ್ನು ಪೂರ್ಣಗೊಳಿಸುವ ಕಾಯಕ ಅವನದು.

ವ್ಯಾಪಾರವೆಂದರೆ ಲಾಭದ ಮಾತು, ಅದರಲ್ಲಿ ಧರ್ಮವೆಲ್ಲಿಯದು ಎಂದು ಕೆಲವರು ಕೇಳುವುದುಂಟು. ಸೌರಾಷ್ಟ್ರದಿಂದ ವ್ಯಾಪಾರಕ್ಕಾಗಿ ಪುಲಿಗೆರೆಗೆ, ಎಂದರೆ ಇಂದಿನ ಲಕ್ಷ್ಮೇಶ್ವರಕ್ಕೆ, ಬಂದರೆಂದು ಹೇಳಲಾಗುವ ಆದಯ್ಯನವರನ್ನು ನಮ್ಮ ಪರಂಪರೆಯು ಶರಣರೆಂದೇ ಪೂಜಿಸುತ್ತ ಬಂದಿದೆ. ಆದುದರಿಂದ ವ್ಯಾಪಾರವು ಶರಣಮಾರ್ಗಕ್ಕೆ ಹೊರಗಲ್ಲ. ಅದಕ್ಕೆ ಅಳತೆಯೊಂದುಂಟು, ಅಷ್ಟೆ. ಆ ಅಳತೆ ಯಾವುದೆಂದರೆ, ಆಯ್ದಕ್ಕಿ ಮಾರಯ್ಯನವರು ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದ ದಿನ ಸತಿಯಾದ ಲಕ್ಕಮ್ಮನವರು ಅದನ್ನೊಲ್ಲದೆ, ಹೆಚ್ಚಾದುದನ್ನು ತಂದಲ್ಲಿಯೇ ಸುರಿದು ಬರುವಂತೆ ಹೇಳಿದ ಪ್ರಸಂಗ. ದುಡಿದುದು ನನ್ನದು, ದುಡಿಯದೆ ಬಂದುದು ನನ್ನದಲ್ಲ ಎಂಬುದೇ ಆ ತಾಯಿಯ ಬೋಧೆಯ ಸಾರ. ಮಾರುವವನಿಗೂ ಕೊಳ್ಳುವವನಿಗೂ ಇದು ಒಂದೇ ಅಳತೆ ಎಂಬುದನ್ನು ಮುಂದೆ ನೋಡೋಣ.

ಈ ಅಂಗಡಿಯ ಕಾಯಕವು ಇಂದು ಕಷ್ಟಕ್ಕೆ ಸಿಲುಕಿದೆ. ನಡುಕರ್ನಾಟಕದ ದಾವಣಗೆರೆಯನ್ನೇ ನಿದರ್ಶನಕ್ಕೆ ತೆಗೆದುಕೊಳ್ಳಿರಿ. ಹತ್ತಿಯ ಗಿರಣಿಗಳಿಂದ ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಹೆಸರಾದ ಊರು ಅದು. ಮಂಡಿಪೇಟೆ, ಚೌಕಿಪೇಟೆಗಳ ಕಾಳುಕಡಿಯ ಮಂಡಿಗಳು, ಕಿರಾಣಿ, ಜವಳಿ, ಪಾತ್ರೆ, ಹಗ್ಗ, ಬೆಲ್ಲದ ಅಂಗಡಿಗಳು ಸುತ್ತಲಿನ ಹಳ್ಳಿಗಳನ್ನೆಲ್ಲ ಸಾಕುತ್ತಿದ್ದವು. ಆ ಹಳ್ಳಿಗಳು ಅಂಗಡಿಗಳನ್ನು ಸಾಕುತ್ತಿದ್ದವು. ಮೊದಲು ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಸಂಬಳದ ದಿನ ಗಿರಣಿಯ ಕೂಲಿಕಾರನು ತರುತ್ತಿದ್ದ ರೊಕ್ಕವು ಪೇಟೆಗೆ ಬರುವುದು ನಿಂತಿತು. ಅನಂತರ ಹೆದ್ದಾರಿ ಹೊರಗೆ ಸರಿಯಿತು. ಪುಣೆ ಬೆಂಗಳೂರು ರಸ್ತೆಯು ಹಿಂದೆ ಊರಿನ ನಡುವೆಯೇ ಹಾದುಹೋಗುತ್ತಿತ್ತು. ಜನರು ಇಂದಿಗೂ ಅದನ್ನು ಪಿ.ಬಿ. ರಸ್ತೆಯೆಂದೇ ಕರೆಯುತ್ತಾರೆ. ಹೆದ್ದಾರಿಯು ನಾಲ್ಕು ಪಥಗಳಾಗಿ ಊರಿನ ಹೊರವಲಯವನ್ನು ಹಿಡಿದಾಗ, ದಾರಿಹೋಕನು ಇಳಿದು ಚಹ ಕುಡಿದು ಮನೆಗೊಂದು ಕಟ್ಟು ಸಾಮಾನು ಒಯ್ಯುವ ರೂಢಿಯೂ ಅದರೊಡನೆ ಹೊರಗೆ ಹೋಯಿತು. ಹಾವೇರಿ, ಚಿತ್ರದುರ್ಗಗಳ ಕಥೆಯೂ ಇದೇ. ಈ ನಡುವೆ ಅನುಕೂಲಸ್ಥ ಕುಟುಂಬಗಳು ಹೊಸ ಬಡಾವಣೆಗಳಿಗೆ ಹೋದವು. ದೊಡ್ಡ ಮಳಿಗೆಗಳು ಅವರನ್ನು ಹುಡುಕಿಕೊಂಡು ಅಗಲವಾದ ರಸ್ತೆಗಳಿಗೆ ಹೋದವು. ಹಳೆಯ ಪೇಟೆಯ ಇಕ್ಕಟ್ಟಿನಲ್ಲಿ ವಾಹನ ನಿಲ್ಲಿಸಲು ಸ್ಥಳವಿಲ್ಲ. ಆದುದರಿಂದ ಅಲ್ಲಿ ಜನಸಂದಣಿಯಿದ್ದರೂ ಗಿರಾಕಿಯಿಲ್ಲ.

ಇಷ್ಟರ ಮೇಲೆ ದೇಶದ ವ್ಯಾಪಾರದ ರೀತಿಯೇ ಬದಲಾಯಿತು. 2012ರಲ್ಲಿ ಕೇಂದ್ರ ಸರ್ಕಾರವು ಹಲವು ಬ್ರಾಂಡುಗಳ ಚಿಲ್ಲರೆ ವ್ಯಾಪಾರದಲ್ಲಿ ಶೇಕಡಾ 51ರವರೆಗೆ ವಿದೇಶೀ ಬಂಡವಾಳಕ್ಕೆ ಅವಕಾಶ ಕೊಟ್ಟಿತು. 2007ರಲ್ಲಿ ನಮ್ಮ ಬೆಂಗಳೂರಿನಲ್ಲಿಯೇ ಪುಸ್ತಕಗಳ ಮಾರಾಟದಿಂದ ಆರಂಭವಾದ ಫ್ಲಿಪ್‌ಕಾರ್ಟ್ ಎಂಬ ಸಂಸ್ಥೆಯ ಸುಮಾರು ಶೇಕಡಾ 77ರಷ್ಟು ಪಾಲನ್ನು 2018ರಲ್ಲಿ ಅಮೇರಿಕೆಯ ವಾಲ್‌ಮಾರ್ಟ್ ಕಂಪನಿಯು ಸುಮಾರು 1600 ಕೋಟಿ ಡಾಲರುಗಳಿಗೆ ಕೊಂಡಿತು. ಈಗಂತೂ ಬೆರಳ ತುದಿಯಿಂದ ಫೋನನ್ನು ಒತ್ತಿದರೆ ನಿಮಿಷಗಳ ಲೆಕ್ಕದಲ್ಲಿ ಉಪ್ಪು, ಎಣ್ಣೆ, ಸಾಬೂನು ಮನೆಬಾಗಿಲಿಗೆ ಬರುವ ಏರ್ಪಾಡು ದೊಡ್ಡ ನಗರಗಳಿಂದ ಜಿಲ್ಲಾ ಕೇಂದ್ರಗಳತ್ತ ಸಾಗಿದೆ. ದೊಡ್ಡ ಬಂಡವಾಳಗಾರನು ತಯಾರಕನಿಂದಲೇ ರಾಶಿಯಾಗಿ ಕೊಳ್ಳುತ್ತಾನೆ. ಚಿಕ್ಕ ಅಂಗಡಿಯವನು ವಿತರಕನಿಂದ ಪೆಟ್ಟಿಗೆಯ ಲೆಕ್ಕದಲ್ಲಿ ಕೊಳ್ಳುತ್ತಾನೆ. ಅವರು ಮಾರುವ ಬೆಲೆಗೆ ನಮಗೆ ಸಾಮಾನೇ ಸಿಕ್ಕುವುದಿಲ್ಲವೆಂದು ಕಿರಾಣಿ ವರ್ತಕರು ಹೇಳುವುದು ಇದರಿಂದಲೇ. ದೊಡ್ಡವನು ಗಿರಾಕಿಯನ್ನು ಹಿಡಿಯಲು ವರ್ಷಗಟ್ಟಲೆ ನಷ್ಟವನ್ನು ತಾಳಬಲ್ಲ. ಚಿಕ್ಕವನು ಒಂದು ತಿಂಗಳ ನಷ್ಟವನ್ನೂ ತಾಳಲಾರ. 2016ರ ನೋಟು ರದ್ದತಿ, 2017ರ ಜಿ.ಎಸ್.ಟಿ., 2020ರ ಲಾಕ್‌ಡೌನ್ ಒಂದರ ಹಿಂದೊಂದು ಬಂದಾಗ, ಕೂಡಿಟ್ಟ ಗಂಟಿಲ್ಲದ ಅಂಗಡಿಗಳು ಹೆಚ್ಚು ಬಳಲಿದವು.

ಇಲ್ಲಿ ಸಂಶಯವೊಂದು ಬರುವುದು ಸಹಜ. ಇದು ಕಾಲಧರ್ಮವಲ್ಲವೆ? ಕಾಲವು ಬದಲಾದಂತೆ ಪೇಟೆಗಳೂ ಬದಲಾಗುತ್ತವೆ. ಅಲ್ಲಮಪ್ರಭುಗಳ ಜನ್ಮಭೂಮಿಯೆಂದು ಪ್ರಸಿದ್ಧವಾದ ಬಳ್ಳಿಗಾವೆಯು ಒಂದು ಕಾಲಕ್ಕೆ ಮಹಾನಗರವಾಗಿತ್ತು. ಇಂದು ಶಿಕಾರಿಪುರ ತಾಲ್ಲೂಕಿನ ಹಳ್ಳಿ. ದಕ್ಷಿಣದೇಶವನ್ನೆಲ್ಲ ಸಂಚರಿಸಿ ವ್ಯಾಪಾರ ಮಾಡಿದ ಅಯ್ಯಾವೊಳೆ ಐನೂರ್ವರ ಐಹೊಳೆಯೂ ಇಂದು ಹಳ್ಳಿಯೇ. ಹಾಗಾದ ಮೇಲೆ ಮಂಡಿಪೇಟೆಗಾಗಿ ಮರುಗುವುದೇಕೆ?

ಈ ಸಂಶಯದಲ್ಲಿ ಅರ್ಧ ಸತ್ಯವಿದೆ. ಹೆದ್ದಾರಿಯನ್ನು ಮತ್ತೆ ಊರೊಳಗೆ ತರಲಾಗದು. ಮುಚ್ಚಿದ ಗಿರಣಿಯ ಸಿಳ್ಳು ಮತ್ತೆ ಕೇಳಿಸದು. ಕಾಲದಿಂದ ಆದುದಕ್ಕೆ ಯಾರನ್ನೂ ದೂರಬೇಕಾಗಿಲ್ಲ. ಆದರೆ ನಾವು ಮಾಡಿದುದನ್ನು ಕಾಲದ ತಲೆಗೆ ಕಟ್ಟುವುದು ಆತ್ಮವಂಚನೆಯಾಗುತ್ತದೆ. ಅಂಗಡಿಯ ಅಳಿವಿನಲ್ಲಿ ಕಾಲದ ಪಾಲೆಷ್ಟು, ನಮ್ಮ ನಡತೆಯ ಪಾಲೆಷ್ಟು ಎಂಬುದನ್ನು ಭಕ್ತನಾದವನು ಬೇರ್ಪಡಿಸಿ ನೋಡಬೇಕು. ಮೊದಲನೆಯದು ನಮ್ಮ ಕೈಯಲ್ಲಿಲ್ಲ. ಎರಡನೆಯದು ಸಂಪೂರ್ಣ ನಮ್ಮ ಕೈಯಲ್ಲಿದೆ.

ನಮ್ಮ ನಡತೆಯನ್ನು ನಿಷ್ಪಕ್ಷಪಾತವಾಗಿ ಪರೀಕ್ಷಿಸೋಣ. ಸಂಬಳವೋ ಫಸಲಿನ ಹಣವೋ ಕೈಸೇರಿದ ಮೊದಲ ವಾರದಲ್ಲಿ ನಾವು ಎಲ್ಲಿಗೆ ಹೋಗುತ್ತೇವೆ? ಕುಟುಂಬಸಮೇತರಾಗಿ ದೊಡ್ಡ ಮಳಿಗೆಗೆ ಹೋಗಿ, ತಳ್ಳುಗಾಡಿಯ ತುಂಬ ಸಾಮಾನು ತುಂಬಿ, ಅಲ್ಲಿ ಕೇಳಿದಷ್ಟನ್ನು ಮರುಮಾತಿಲ್ಲದೆ ರೊಕ್ಕ ಎಣಿಸಿ ಬರುತ್ತೇವೆ. ತಿಂಗಳ ಕಡೆಯ ವಾರದಲ್ಲಿ ಕೈ ಬರಿದಾದಾಗ ಎಲ್ಲಿಗೆ ಹೋಗುತ್ತೇವೆ? ಓಣಿಯ ಅಂಗಡಿಗೆ. ಮಗುವನ್ನು ಕಳಿಸಿ, ಬರೆದಿಟ್ಟುಕೊಳ್ಳಲು ಹೇಳೆನ್ನುತ್ತೇವೆ. ಅಂಗಡಿಯವನು ಬರೆದಿಟ್ಟುಕೊಳ್ಳುತ್ತಾನೆ. ಆಧಾರಪತ್ರ ಕೇಳುವುದಿಲ್ಲ, ಜಾಮೀನು ಕೇಳುವುದಿಲ್ಲ, ಬಡ್ಡಿ ಹಾಕುವುದಿಲ್ಲ. ಉದ್ರಿಗೊಂದು ಅಂಗಡಿ, ರೊಕ್ಕಕ್ಕೊಂದು ಅಂಗಡಿ. ಇದಲ್ಲವೆ ನಮ್ಮ ರೂಢಿ?

ಇದು ಕೇವಲ ಅಚಾತುರ್ಯವಲ್ಲ, ಅನ್ಯಾಯ. ಹೇಗೆಂದರೆ, ಉದ್ರಿ ಕೊಟ್ಟವನು ವಿತರಕನಿಗೆ ವಾರದೊಳಗೆ ಹಣ ಕಟ್ಟಬೇಕು. ನಮ್ಮಿಂದ ಅವನಿಗೆ ಬರಬೇಕಾದ ಹಣವು ದೊಡ್ಡ ಮಳಿಗೆಯ ಗಲ್ಲವನ್ನು ಸೇರಿರುತ್ತದೆ. ಆಗ ಅವನು ತಾನೇ ಬಡ್ಡಿಗೆ ಸಾಲ ತಂದು ನಮ್ಮ ಮನೆಯ ಬೇಳೆಯನ್ನು ಒದಗಿಸಿದಂತಾಗುತ್ತದೆ. ನಮ್ಮ ಬಡತನದ ಭಾರವನ್ನು ಒಬ್ಬನ ಹೆಗಲಿಗೆ ಹೊರಿಸಿ, ನಮ್ಮ ಸಿರಿತನದ ಲಾಭವನ್ನು ಮತ್ತೊಬ್ಬನಿಗೆ ಉಣಬಡಿಸುವುದು ಯಾವ ಧರ್ಮ? 2020ರ ಮಾರ್ಚ್ 25ರಂದು ಲಾಕ್‌ಡೌನ್ ಆರಂಭವಾದ ದಿನಗಳನ್ನು ಸ್ಮರಿಸಿರಿ. ದಿನಸಿಯನ್ನು ಅವಶ್ಯಕ ವಸ್ತುವೆಂದು ಬಿಟ್ಟುಕೊಟ್ಟುದರಿಂದ ಓಣಿಯ ಕಿರಾಣಿ ಅಂಗಡಿಗಳು ತೆರೆದಿದ್ದವು. ಕೂಲಿ ನಿಂತ ಎಷ್ಟೋ ಮನೆಗಳ ಒಲೆಗಳು ಆ ಅಂಗಡಿಗಳ ಖಾತೆ ಪುಸ್ತಕದ ಬಲದಿಂದ ಉರಿದವು. ರೋಗಭಯವನ್ನು ಲೆಕ್ಕಿಸದೆ ಕುಳಿತು ತೂಗಿಕೊಟ್ಟವನ ಬಾಕಿಯನ್ನು ತೀರಿಸಿದೆವೆ ಎಂದು ಪ್ರತಿಯೊಬ್ಬರೂ ತಮ್ಮ ತಮ್ಮ ಮನಸ್ಸನ್ನು ಕೇಳಿಕೊಳ್ಳಬೇಕು.

ಇನ್ನೊಂದು ರೂಢಿಯುಂಟು. ಜವಳಿ ಅಂಗಡಿಗೆ ಹೋಗಿ ಇಪ್ಪತ್ತು ಸೀರೆಗಳನ್ನು ಬಿಚ್ಚಿಸಿ, ಅಂಚು ಸೆರಗುಗಳನ್ನು ತಿರುವಿ ನೋಡಿ, ಬಟ್ಟೆಯ ಗುಣವನ್ನು ವಿಚಾರಿಸಿ ತಿಳಿದುಕೊಂಡು, ಹೊರಗೆ ಬಂದು ಅದೇ ಸೀರೆಯನ್ನು ಫೋನಿನಲ್ಲಿ ಹುಡುಕಿ ತರಿಸುವುದು. ಅಂಗಡಿಯವನ ತಿಳಿವಳಿಕೆಯೂ ಅವನ ಆಳಿನ ಶ್ರಮವೂ ನಮಗೆ ದಕ್ಕಿದವು. ಅದಕ್ಕೆ ಸಲ್ಲಬೇಕಾದುದು ಮಾತ್ರ ಸಲ್ಲಲಿಲ್ಲ. ಲಕ್ಕಮ್ಮನವರ ಅಳತೆಯಿಂದ ಅಳೆದರೆ ಇದು ದುಡಿಯದೆ ಬಂದ ಅಕ್ಕಿಯೇ ಸರಿ. ಆ ಉಳಿತಾಯವನ್ನು ಮನೆಯೊಳಗೆ ತರುವ ಮುನ್ನ ಗೃಹಿಣಿಯರು ಆ ತಾಯಿಯನ್ನು ನೆನೆಯಬೇಕು.

ಹಾಗಾದರೆ ಅಂಗಡಿಯವನಿಗೆ ದಾನ ಮಾಡಬೇಕೆಂದು ನಮ್ಮ ಅಭಿಪ್ರಾಯವೆ? ಅಲ್ಲ. ದಾನಕ್ಕೂ ದಾಸೋಹಕ್ಕೂ ಅಂತರವಿದೆ. ದಾನದಲ್ಲಿ ಕೊಡುವವನು ಮೇಲೆ, ಕೊಳ್ಳುವವನು ಕೆಳಗೆ. ದಾಸೋಹದಲ್ಲಿ ನಾನು ಕೊಟ್ಟೆನೆಂಬ ಭಾವವೇ ಇಲ್ಲ. ಸಲ್ಲಬೇಕಾದುದು ಸಲ್ಲಬೇಕಾದವರಿಗೆ ಸಲ್ಲಿತೆಂಬ ವಿನಯ ಮಾತ್ರ ಉಂಟು. ಅಂಗಡಿಯವನಿಗೆ ಬೇಕಾದುದು ಕನಿಕರವಲ್ಲ, ನ್ಯಾಯವಾದ ವ್ಯಾಪಾರ. ದಿನಗೂಲಿಯಿಂದ ಸಂಸಾರ ತೂಗಿಸುವ ತಾಯಿಯು ಐದು ರೂಪಾಯಿ ಉಳಿಯುವುದೆಂದು ದೊಡ್ಡ ಮಳಿಗೆಗೆ ಹೋದರೆ ಆಕೆಯಲ್ಲಿ ದೋಷವಿಲ್ಲ; ಆಕೆಯನ್ನು ಆಕ್ಷೇಪಿಸಲು ನಾವು ಯಾರು? ಈ ಮಾತು ಆ ಐದು ರೂಪಾಯಿಯ ಲೆಕ್ಕ ಇಡಬೇಕಾಗಿಲ್ಲದ ಅನುಕೂಲಸ್ಥರಿಗೆ ಸಲ್ಲುತ್ತದೆ. ಮದುವೆ ಮುಂಜಿಗಳಲ್ಲಿ ಲಕ್ಷಗಟ್ಟಲೆ ವೆಚ್ಚ ಮಾಡುವವರು ಓಣಿಯ ಅಂಗಡಿಯಲ್ಲಿ ಎರಡು ರೂಪಾಯಿಗಾಗಿ ಚೌಕಾಸಿ ಮಾಡುವುದು ಮಿತವ್ಯಯವೆನಿಸದು.

ಇನ್ನು ಅಂಗಡಿಯ ಬಂಧುಗಳಿಗೆ ಎರಡು ಮಾತು ಹೇಳಬೇಕಾಗಿದೆ. ಕೊಳ್ಳುವವರ ತಪ್ಪನ್ನು ಕೇಳಿ ನೀವು ಸಂತೋಷಪಟ್ಟಿರಬಹುದು. ಆದರೆ ಕಾಯಕವೆಂಬ ಹೆಸರು ಕುಳಿತ ಮಾತ್ರಕ್ಕೆ ಬರುವುದಿಲ್ಲ. ದೀಪಾವಳಿಯಲ್ಲಿ ತಕ್ಕಡಿಗೆ ವಿಭೂತಿ ಧರಿಸಿ, ಹೊಸ ಖಾತೆ ಪುಸ್ತಕವನ್ನಿಟ್ಟು ಪೂಜಿಸುತ್ತೀರಿ. ಪೂಜೆಗೊಂಡ ತಕ್ಕಡಿಯು ಮರುದಿನ ಸುಳ್ಳಾಡಿದರೆ ಆ ಪೂಜೆ ಯಾರಿಗೆ ಸಂದಿತು? ಪರಿಚಯದ ಗಿರಾಕಿಯು ಪರೀಕ್ಷಿಸಲಾರನೆಂದು ಹುಳ ಬಿದ್ದ ಬೇಳೆಯನ್ನು ಅವನಿಗೇ ದಾಟಿಸುವುದು, ಹಿಂದಿರುಗಿ ತಂದ ವಸ್ತುವಿಗೆ ಸಿಡುಕಿ ನುಡಿಯುವುದು, ಉದ್ರಿಯವರಿಗೆ ಬೆಲೆ ಏರಿಸಿ ಬರೆಯುವುದು, ಕೆಲಸದ ಹುಡುಗನಿಗೆ ಅರೆಸಂಬಳ ಕೊಡುವುದು ಇವೆಲ್ಲ ನಡೆದಿರುವುದರಿಂದಲೇ ಎಷ್ಟೋ ಜನ ಹೊರಗೆ ಹೋಗಿದ್ದಾರೆ. ದೊಡ್ಡ ಮಳಿಗೆಯ ಬಂಡವಾಳ ನಿಮಗಿಲ್ಲ. ಆದರೆ ಗಿರಾಕಿಯ ಮನೆಯವರ ಹೆಸರು, ಅವರ ಅಜ್ಜಿಗೆ ಯಾವ ಬೆಲ್ಲ ಬೇಕೆಂಬುದು, ಯಾವ ಮನೆಯಲ್ಲಿ ಈ ತಿಂಗಳು ಕಷ್ಟವಿದೆಯೆಂಬುದು ನಿಮಗೆ ಗೊತ್ತು. ಯಾವ ಬಂಡವಾಳದಿಂದಲೂ ಕೊಳ್ಳಲಾಗದ ಆಸ್ತಿ ಅದು. ಅದನ್ನು ಒರಟುಮಾತಿನಿಂದ ಕಳೆದುಕೊಳ್ಳಬೇಡಿರಿ.

ಲೆಕ್ಕದ ವಿಷಯವೂ ಅಷ್ಟೇ ಮುಖ್ಯ. 2025ರ ಜುಲೈ ತಿಂಗಳಲ್ಲಿ ನಮ್ಮ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯು ಯು.ಪಿ.ಐ. ಮೂಲಕ ಬಂದ ಹಣವನ್ನು ಆಧರಿಸಿ ಸಹಸ್ರಾರು ಸಣ್ಣ ವರ್ತಕರಿಗೆ ನೋಟೀಸು ಕಳಿಸಿದಾಗ ಎಷ್ಟು ದಿಗಿಲಾಯಿತೆಂಬುದು ನೆನಪಿರಬಹುದು. ಹಲವು ಅಂಗಡಿಗಳಲ್ಲಿ ನಗದು ಮಾತ್ರವೆಂಬ ಫಲಕ ತೂಗಿತು. ಹಳೆಯ ಬಾಕಿಯನ್ನು ವಸೂಲು ಮಾಡುವುದಿಲ್ಲ, ಆದರೆ ನೋಂದಣಿ ಮಾಡಿಸಿಕೊಳ್ಳಬೇಕೆಂದು ಸರ್ಕಾರವು ಹೇಳಿದ ಮೇಲೆ ಗದ್ದಲ ತಣ್ಣಗಾಯಿತು. ವರ್ಷಕ್ಕೆ 40 ಲಕ್ಷ ರೂಪಾಯಿ ಮೀರಿ ಸರಕು ಮಾರುವವರು ನೋಂದಾಯಿಸಬೇಕೆಂಬುದೂ, ಒಂದೂವರೆ ಕೋಟಿಯವರೆಗಿನ ವರ್ತಕರಿಗೆ ಶೇಕಡಾ 1ರ ರಾಜಿ ತೆರಿಗೆಯ ಅನುಕೂಲವಿತ್ತೆಂಬುದೂ ಅನೇಕರಿಗೆ ತಿಳಿದಿರಲಿಲ್ಲ. ತಿಳಿಸಿ ಹೇಳದ ಅಧಿಕಾರಿಗಳಲ್ಲಿ ಕೊರತೆಯಿದ್ದರೂ, ಲೆಕ್ಕ ಶುದ್ಧವಾಗಿದ್ದವನಿಗೆ ದಿಗಿಲಿಲ್ಲ. ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನವರ ಮೇಲೆ ಚಾಡಿ ಬಂದಾಗ ಭಂಡಾರವನ್ನು ಎಣಿಸಿ ನೋಡಲಾಗಿ ಕಿಂಚಿತ್ತೂ ಕಡಿಮೆಯಿರಲಿಲ್ಲವೆಂದು ಪುರಾಣಗಳು ಹೇಳುತ್ತವೆ. ಭಕ್ತಿಯಲ್ಲಿ ಲೋಕೋತ್ತರರಾದವರು ಲೆಕ್ಕದಲ್ಲಿಯೂ ಹಾಗೆಯೇ ಇದ್ದರು.

ಮೂರನೆಯ ಮಾತು ಮಳಿಗೆಗಳ ಒಡೆಯರಿಗೆ ಸಂಬಂಧಿಸಿದುದು. ಎಷ್ಟೋ ಅಂಗಡಿಗಳ ಬೆನ್ನು ಮುರಿಯುವುದು ಬಾಡಿಗೆಯ ಭಾರ. 1999ರ ಕರ್ನಾಟಕ ಬಾಡಿಗೆ ಕಾಯಿದೆಯ ರಕ್ಷಣೆಯು 14 ಚದರ ಮೀಟರು ಮೀರದ ಪುಟ್ಟ ಮಳಿಗೆಗಳಿಗೆ ಮಾತ್ರ ಉಂಟು. ಅದಕ್ಕೆ ಮೀರಿದ ವ್ಯಾಪಾರದ ಮಳಿಗೆಗಳಿಗೆ ಇಲ್ಲ. ಕಾಯಿದೆ ಸುಮ್ಮನಿರುವಲ್ಲಿ ಅಂತಃಕರಣ ಮಾತನಾಡಬೇಕು. ಪೇಟೆಯ ಮಳಿಗೆಗಳ ಒಡೆತನ ಸಿರಿವಂತ ಭಕ್ತರದು ಮಾತ್ರವಲ್ಲ. ಮಠಗಳು, ಗುಡಿಗಳು, ವಿದ್ಯಾಸಂಸ್ಥೆಗಳು, ಸಹಕಾರಿ ಸಂಘಗಳೂ ಅನೇಕ ಊರುಗಳಲ್ಲಿ ಮಳಿಗೆಗಳನ್ನು ಕಟ್ಟಿಸಿ ಬಾಡಿಗೆಗೆ ಕೊಟ್ಟಿವೆ. ಪರರಿಗೆ ಹೇಳುವ ಧರ್ಮವನ್ನು ಧರ್ಮಸಂಸ್ಥೆಗಳು ಮೊದಲು ತಾವು ಆಚರಿಸುವುದು ಯೋಗ್ಯ. ಹೆಚ್ಚಿನ ಮುಂಗಡದ ಆಸೆಗೆ ಹಳೆಯ ಬಾಡಿಗೆದಾರನನ್ನು ಎಬ್ಬಿಸಿ, ಬಾಗಿಲು ಹಾಕಿದ ಮಳಿಗೆಯನ್ನು ವರ್ಷಗಟ್ಟಲೆ ಇಟ್ಟುಕೊಂಡರೆ ಪಕ್ಕದ ನಾಲ್ಕು ಅಂಗಡಿಗಳಿಗೂ ಗಿರಾಕಿ ತಪ್ಪುತ್ತದೆ. ಖಾಲಿ ಬಿದ್ದ ಮಳಿಗೆಯಿಂದ ದಾಸೋಹಕ್ಕೆ ಒಂದು ಹಿಡಿ ಅಕ್ಕಿಯೂ ಬರುವುದಿಲ್ಲ. ವ್ಯಾಪಾರ ಕುಗ್ಗಿದ ವರ್ಷ ಬಾಡಿಗೆಯನ್ನು ತಗ್ಗಿಸಿ, ಚೇತರಿಸಿದ ವರ್ಷ ನ್ಯಾಯವಾಗಿ ಏರಿಸುವ ಕ್ರಮವನ್ನು ಇಂತಹ ಸಂಸ್ಥೆಗಳೇ ಆರಂಭಿಸಿದರೆ ಉಳಿದವರಿಗೂ ಮೇಲ್ಪಂಕ್ತಿಯಾದೀತು.

ಇಷ್ಟೆಲ್ಲ ಮಾಡಿದರೂ ಕೆಲವು ಅಂಗಡಿಗಳು ಉಳಿಯಲಾರವು. ಅದನ್ನು ಮರೆಮಾಚುವುದರಲ್ಲಿ ಪ್ರಯೋಜನವಿಲ್ಲ. ಅಂತಹ ಸಂದರ್ಭದಲ್ಲಿ ಅನೇಕರು ತಾತನ ಕಾಲದ ಅಂಗಡಿಯೆಂಬ ಪ್ರತಿಷ್ಠೆಗೆ ಕಟ್ಟುಬಿದ್ದು, ಬಡ್ಡಿಯ ಮೇಲೆ ಬಡ್ಡಿ ಬೆಳೆಸಿ, ಹೆಂಡತಿಯ ಮೈಮೇಲಿನ ಬಂಗಾರವನ್ನು ಒತ್ತೆಯಿಟ್ಟು, ಕಡೆಗೆ ಜೀವಕ್ಕೇ ಬೇಸರಪಡುವ ಸ್ಥಿತಿಗೆ ಹೋಗುತ್ತಾರೆ. ಅವರಿಗೆ ನಮ್ಮ ಬಿನ್ನಹವಿಷ್ಟೆ. ಕಾಶ್ಮೀರದ ಅರಸರಾಗಿದ್ದರೆಂದು ಪರಂಪರೆಯು ಹೇಳುವ ಮೋಳಿಗೆಯ ಮಾರಯ್ಯನವರು ಕಲ್ಯಾಣಕ್ಕೆ ಬಂದು ಕಟ್ಟಿಗೆಯ ಹೊರೆ ಹೊತ್ತರು. ಅದರಿಂದ ಅವರ ಘನತೆ ಕುಂದಿತೆ? ಕಾಯಕ ಬದಲಾಗಬಹುದು, ಕಾಯಕನಿಷ್ಠೆ ಬದಲಾಗಬಾರದು. ಬಾಗಿಲು ಮುಚ್ಚಿದ ಅಂಗಡಿಯವನನ್ನು ದಿವಾಳಿಯಾದವನೆಂದು ಆಡಿಕೊಳ್ಳುವ ನಾಲಿಗೆಯೇ ಅವನ ಸಾಲಕ್ಕಿಂತ ಹೆಚ್ಚು ಕ್ರೂರವಾದುದು. ಅವನ ಖಾತೆಯಲ್ಲಿ ನಮ್ಮ ಬಾಕಿ ಇದ್ದರೆ ಅಂಗಡಿ ಮುಚ್ಚಿತೆಂದು ಬಾಕಿಯೂ ಮುಚ್ಚಿತೆಂದು ತಿಳಿಯದಿರೋಣ. ಆ ಹಣವು ಅವನ ಹೊಸ ಕಾಯಕಕ್ಕೆ ಮೊದಲ ಬೋಣಿಯಾಗಲಿ.

ಆದುದರಿಂದ ಶರಣಬಂಧುಗಳೇ, ಈ ತಿಂಗಳು ಪ್ರತಿಯೊಂದು ಮನೆಯಲ್ಲಿಯೂ ಒಂದು ಚಿಕ್ಕ ಸಂಕಲ್ಪವಾಗಲಿ. ಓಣಿಯ ಅಂಗಡಿಯಲ್ಲಿ ನಮ್ಮ ಹೆಸರಿನ ಹಾಳೆಯನ್ನು ತೆಗೆಯಿಸಿ ಲೆಕ್ಕ ಮಾಡಿಸೋಣ. ದೊಡ್ಡ ಮಳಿಗೆಗೆ ಹೋಗುವ ಮುನ್ನ ಆ ಬಾಕಿಯನ್ನು ಸಲ್ಲಿಸೋಣ. ಉದ್ರಿ ಕೊಟ್ಟ ಕೈಗೇ ರೊಕ್ಕವನ್ನೂ ಕೊಡುವ ರೂಢಿ ಮಾಡೋಣ. ಅಂಗಡಿಯವರು ತಮ್ಮ ತಕ್ಕಡಿಯನ್ನೂ ಮಾತನ್ನೂ ಲೆಕ್ಕವನ್ನೂ ಒಮ್ಮೆ ಪರೀಕ್ಷಿಸಿಕೊಳ್ಳಲಿ. ಮಳಿಗೆಯ ಒಡೆಯರು ಬಾಗಿಲು ಹಾಕಿದ ತಮ್ಮ ಮಳಿಗೆಯ ಮುಂದೆ ಒಂದು ಗಳಿಗೆ ನಿಂತು ಆಲೋಚಿಸಲಿ. ಇದರಿಂದ ಪೇಟೆಯ ಹಿಂದಿನ ವೈಭವ ಮರಳುವುದೆಂದು ನಾವು ಹೇಳಲಾರೆವು. ಆದರೆ ಸಂಜೆ ದೀಪ ಹಚ್ಚಿ ಕುಳಿತ ಅಂಗಡಿಯವನ ಮುಂದೆ ಹಾದುಹೋಗುವಾಗ ಮುಖ ತಪ್ಪಿಸಿ ನಡೆಯಬೇಕಾದ ಪ್ರಸಂಗವಾದರೂ ನಮಗೆ ತಪ್ಪುತ್ತದೆ. ಋಣವಿಲ್ಲದ ಮನಸ್ಸಿನಿಂದ ಮಾಡಿದ ಲಿಂಗಪೂಜೆಗೆ ಇರುವ ಶಾಂತಿ ಬೇರೆಯೇ.

ಗುರು ಬಸವಾದಿ ಪ್ರಮಥರ ಕೃಪೆಯು ಮಾರುವವರ ಮೇಲೂ ಕೊಳ್ಳುವವರ ಮೇಲೂ ಸಮನಾಗಿರಲಿ. ಎಲ್ಲರ ಕಾಯಕವೂ ಸಾಗಲಿ, ಎಲ್ಲರ ಮನೆಯ ದಾಸೋಹವೂ ನಡೆಯಲಿ.

ಶರಣು ಶರಣಾರ್ಥಿ.